ಸಿಲಿಕಾನ್ ಬಳಿಯುವ ಮೊದಲು ಕಾರ್ಪೆಟ್ ಎತ್ತಿ ನೋಡಿ

ಮಳೆಗಾಲದಲ್ಲಿ ಕಾರಿನೊಳಗೆ ನೀರು ಕಂಡರೆ ನಮ್ಮ ಕಡೆ ಎಲ್ಲರೂ ಹೇಳುವ ಮದ್ದು ಒಂದೇ, ಸಂದು ಮುಚ್ಚುವ ಸಿಲಿಕಾನ್ ಅಂಟು. ಬಾಗಿಲಿನ ರಬ್ಬರ್ ಬೀಡಿಂಗ್ ಸುತ್ತ ಬಳಿ, ಗಾಜಿನ ಸುತ್ತ ಬಳಿ, ಮುಗೀತು. ನನಗೆ ಈ ಮದ್ದು ಆಗಿಬರುವುದಿಲ್ಲ. ನೀರು ಬರುವ ದಾರಿ ಗೊತ್ತಿಲ್ಲದೆ ಬಳಿದರೆ ಹೊರಗೆ ಹೋಗುವ ದಾರಿಯೇ ಮುಚ್ಚಿಹೋಗಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ಥರ ಹುಳಿ ವಾಸನೆಯ ಸಿಲಿಕಾನ್ ಆರುವಾಗ ಆಸಿಡ್ ಬೇರೆ ಬಿಡುತ್ತದೆ. ಉಪ್ಪುಗಾಳಿಗೇ ತುಕ್ಕು ಹಿಡಿಯುವ ಊರಲ್ಲಿ ಅದೊಂದು ಕಮ್ಮಿ ಇತ್ತಾ?

ನಮ್ಮ ಮನೆ ಇರುವುದು ಕಾಪು ಹತ್ತಿರ, ಸಮುದ್ರದ ಬದಿಯಲ್ಲಿ. ಹಳೆಯ ಹ್ಯಾಚ್‌ಬ್ಯಾಕ್ ಕಾರು, ಅದು ನಿಲ್ಲುವುದು ಗಾಳಿಮರದ ಅಡಿಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಮೇಲೆ ಎದುರಿನ ಎಡ ಸೀಟಿನ ಕಾಲಬುಡದಲ್ಲಿ ನೀರು ಶುರುವಾಯಿತು. ತೋರಿಸಿದ ಗ್ಯಾರೇಜಿನಲ್ಲಿ 'ಎಸಿ ನೀರು' ಅಂತ ಹೇಳಿ ಪೈಪ್ ಕ್ಲೀನ್ ಮಾಡಿ ಕಳಿಸಿದರು. ನೀರು ನಿಲ್ಲಲಿಲ್ಲ. ಆಮೇಲೆ ನಾನೇ ಕೈ ಹಾಕಿದೆ.

ಮೊದಲು ಅದು ಯಾವ ನೀರು ಅಂತ ನೋಡಬೇಕು. ಎಸಿ ನೀರಾದರೆ ತಿಳಿಯಾಗಿರುತ್ತದೆ, ಮಳೆ ಇಲ್ಲದ ದಿನವೂ ಬರುತ್ತದೆ. ನಮ್ಮ ಕರಾವಳಿಯ ಸೆಕೆಗೆ ಎಸಿ ಹಾಕಿ ಓಡಿಸಿದ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದಿದ್ದರೆ ಆ ನೀರು ಒಳಗೆ ಇಳಿಯುತ್ತಿದೆ ಅಂತ ಲೆಕ್ಕ. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಆದರೆ ಬಣ್ಣ ಇರುತ್ತದೆ, ಮುಟ್ಟಿದರೆ ಅಂಟಂಟು, ವಾಸನೆ ಸಿಹಿ. ಹಾಗಿದ್ದರೆ ಹೀಟರ್ ಕಡೆ ನೋಡಬೇಕು, ತಡ ಮಾಡಬಾರದು. ನನ್ನದರಲ್ಲಿ ನೀರಿನ ಜೊತೆ ಸಣ್ಣ ಮಣ್ಣು, ಗಾಳಿಮರದ ಕಡ್ಡಿ ಚೂರು. ಎಸಿಯಿಂದ ಮರದ ಕಡ್ಡಿ ಬರುತ್ತದಾ? ಇದು ಮಳೆನೀರೇ. (ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಡೀಲ್‌ನ ರೈಲ್ವೆ ಸೇತುವೆ ಅಡಿಯಲ್ಲೋ ನಿಂತ ನೀರಿಗೆ ಇಳಿಸಿ ಒಳಗೆ ನೀರು ಬಂದಿದ್ದರೆ ಅದು ಲೀಕ್ ಅಲ್ಲ ಬಿಡಿ.)

ಎರಡನೆಯದು, ಕಾರ್ಪೆಟ್ ಎತ್ತುವುದು. ಮೇಲಿಂದ ಮುಟ್ಟಿ 'ಒಣಗಿದೆ' ಅನ್ನಬೇಡಿ. ಅಡಿಯಲ್ಲಿ ದಪ್ಪ ಫೋಮ್ ಇರುತ್ತದೆ, ಅದು ನೀರು ಕುಡಿದು ಕೂತಿರುತ್ತದೆ. ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು ಕಾರ್ಪೆಟ್ ಸರಿಸಿದರೆ ತಗಡು ಕಾಣುತ್ತದೆ. ನಾನು ಎತ್ತಿ ನೋಡಿದರೆ ಹಿಂದಿನ ಎಡಗಡೆಯೂ ಒದ್ದೆ! ಸೀಟು ಬಿಚ್ಚುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಅಡಿಯಲ್ಲಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನದು, ಅದರ ಜೊತೆ ಆಟ ಬೇಡ.

ತಗಡು ಒರೆಸಿ, ಮುಖಕ್ಕೆ ಹಾಕುವ ಪೌಡರ್ ತೆಳ್ಳಗೆ ಉದುರಿಸಿದೆ. ಅಣ್ಣನ ಮಗಳನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ತೋಟದ ಪೈಪ್ ಹಿಡಿದು ನಾನು ಹೊರಗೆ ನಿಂತೆ. ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ. ಮೊದಲೇ ಟಾಪಿಗೆ ಬಿಟ್ಟರೆ ಎಲ್ಲ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೂ ಸಾಕಷ್ಟು ಹೊತ್ತು ಕೊಡಬೇಕು. ಹಿಂದಿನ ಎಡ ಬಾಗಿಲಿನ ಗಾಜಿಗೆ ಬಿಟ್ಟಾಗ "ಚಿಕ್ಕಪ್ಪಾ, ಇಲ್ಲಿ ಗೆರೆ ಬಂತು" ಅಂದಳು. ಬಾಗಿಲ ಪ್ಯಾಡಿನ (ಒಳಮೈಗೆ ಹಾಕಿದ ಹಲಗೆಯ) ಅಡಿಯಿಂದ ಹನಿ ಬಿದ್ದು ಪೌಡರಿನ ಮೇಲೆ ಸಣ್ಣ ದಾರಿ ಮೂಡಿತ್ತು. ಮತ್ತೆ ವೈಪರ್ ಬುಡಕ್ಕೆ ಬಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡ್ಯಾಶ್‌ಬೋರ್ಡ್ ಅಡಿ, ಎಸಿ ಗಾಳಿ ಊದುವ ಬ್ಲೋವರ್ ಇರುವಲ್ಲಿಂದ ದಬದಬ ಸುರಿಯಿತು. ಅಂದರೆ ಕಾಯಿಲೆ ಎರಡು.

ವೈಪರ್ ಬುಡದ್ದು ಸುಲಭ. ವೈಪರ್ ತೋಳು ಬಿಚ್ಚಿ ಕಪ್ಪು ಪ್ಲಾಸ್ಟಿಕ್ ಜಾಲರಿ ಎತ್ತಿದರೆ ಒಳಗೆ ಗಾಳಿಮರದ ಕಡ್ಡಿ ಕೊಳೆತು ಗೊಬ್ಬರವಾಗಿತ್ತು. ಮೂಲೆಯ ತೂತು ಕಟ್ಟಿ, ತುಂಬಿದ ನೀರು ಬ್ಲೋವರ್ ಗಾಳಿ ಎಳೆಯುವ ಬಾಯಿಯ ತನಕ ಏರಿ ಒಳಗೆ ಇಳಿಯುತ್ತಿತ್ತು. ಕೈಯಲ್ಲಿ ಬಾಚಿ ತೆಗೆದು, ಒಂದು ಬಾಲ್ದಿ ನೀರು ಹೊಯ್ದೆ. ಚಕ್ರದ ಹಿಂದೆ ಸರಾಗ ಇಳಿಯಿತು. ಒದ್ದೆಯಾಗಿದ್ದ ಕ್ಯಾಬಿನ್ ಫಿಲ್ಟರ್ ಬಿಸಾಡಿದೆ.

ಬಾಗಿಲಿನದು ಸ್ವಲ್ಪ ಕೆಲಸ. ಗಾಜಿನ ಮೇಲಿನ ನೀರು ಬಾಗಿಲ ಒಳಗೆ ಇಳಿಯುವುದು ಮಾಮೂಲು. ಕೆಳ ಅಂಚಿನ ಸಣ್ಣ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಅದನ್ನು ಕ್ಯಾಬಿನ್‌ಗೆ ಬರದಂತೆ ತಡೆಯುತ್ತದೆ. ಹಿಂದೆ ಸ್ಪೀಕರ್ ಹಾಕಿಸಿದ ಅಂಗಡಿಯಲ್ಲಿ ಆ ಹಾಳೆಯನ್ನು ಹರಿದು ಸುಮ್ನೆ ಹಾಗೇ ಬಿಟ್ಟಿದ್ದರು. ಪ್ಯಾಡ್ ತೆಗೆದು, ಹಳೆಯ ಗೋಂದು ಕೆರೆದು ಒರೆಸಿ, ಹೊಸ ದಪ್ಪ ಹಾಳೆಯನ್ನು ಅಂಟು ರಬ್ಬರಿನ ಬ್ಯುಟೈಲ್ ಟೇಪಿನಿಂದ ಸುತ್ತಲೂ ಒತ್ತಿ ಕೂರಿಸಿದೆ. ಇಲ್ಲಿ ಒಂದು ಗುಟ್ಟು: ಹಾಳೆಯ ಕೆಳ ಅಂಚು ಬಾಗಿಲ ತಗಡಿನ ಒಳಕ್ಕೆ ಹೋಗಬೇಕು, ಹೆಂಚಿನ ಮೇಲೆ ಹೆಂಚು ಕೂತ ಹಾಗೆ ನೀರು ಬಾಗಿಲ ಒಳಗೇ ಬೀಳಬೇಕು. ಹೊರಗೆ ಅಂಟಿಸಿದರೆ ಎಲ್ಲ ದಂಡ. ಕೆಳಗಿನ ತೂತುಗಳನ್ನು ಹಿಡಿಸೂಡಿ (ತೆಂಗಿನಗರಿ ಪೊರಕೆ) ಕಡ್ಡಿಯಿಂದ ಬಿಡಿಸಿದೆ. ಅವಕ್ಕೆ ಹೇಳಿ ಮಾಡಿಸಿದ ಸಾಮಾನು ಅದು.

ನಿಜವಾದ ಕಷ್ಟ ಒಣಗಿಸುವುದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಸಿಲು ಎಲ್ಲಿಂದ ತರುವುದು? ಫೋಮ್ ಸಮೇತ ಕಾರ್ಪೆಟ್ ಹೊರತೆಗೆದು ಹಿಂಡಿ, ಚಾವಡಿಯಲ್ಲಿ ಫ್ಯಾನ್ ಅಡಿ ಹಾಕಿದೆ. ಬಚ್ಚಲ ಒಲೆಯ ಹತ್ತಿರ ಕಟ್ಟು ಅಂತ ಅಮ್ಮ ಹೇಳಿದರು. ಹೊಗೆ ವಾಸನೆ ಹಿಡಿದರೆ ಬೂಷ್ಟಿನ ವಾಸನೆಯೇ ವಾಸಿ ಅನ್ನಿಸೀತು ಅಂತ ನಾನು ಒಪ್ಪಲಿಲ್ಲ. ಫೋಮ್ ಪೂರ್ತಿ ಒಣಗುವ ತನಕ ಕಾರ್ಪೆಟ್ ಇಲ್ಲದೆ ಬರೀ ತಗಡಿನ ಮೇಲೆಯೇ ಉಡುಪಿಗೆ ಹೋಗಿ ಬರುತ್ತಿದ್ದೆ. ಸದ್ದು ಜಾಸ್ತಿ, ಅಷ್ಟೇ. ಅವಸರದಲ್ಲಿ ಹಾಸಿದರೆ ಅಡಿಯ ವೈರಿಂಗ್ ಕನೆಕ್ಟರ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆ ಖರ್ಚಿನ ಮುಂದೆ ಲೀಕ್ ಖರ್ಚು ಏನೂ ಅಲ್ಲ.

ಈಗ ಮೇ ಕೊನೆಗೆ ಜಾಲರಿ ಎತ್ತಿ ಕಡ್ಡಿ ತೆಗೆಯುವುದು ರೂಢಿ. ನೀವೂ ಪ್ಯಾಡ್ ತೆಗೆಯುವುದಾದರೆ ಕ್ಲಿಪ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಹಳೆಯವು ಮುರಿಯುತ್ತವೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ, ಒಂದು ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋದರೆ ಅಳತೆ ತಪ್ಪುವುದಿಲ್ಲ.