ಬೂದಿ ಮುಚ್ಚಿದ ಕೆಂಡ: ವೋಲ್ವೊ 245 ವ್ಯಾಗನ್ನಿಗೆ ಟರ್ಬೊ ಕೂರಿಸಿದ್ದು

ಸ್ಲೀಪರ್ ಅಂದರೆ ನೋಡಿದವರ ಕಣ್ಣಿಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಗಾಡಿ, ಆಕ್ಸಿಲರೇಟರ್ ತುಳಿದವನಿಗೆ ಮಾತ್ರ ಬೇರೆಯೇ ಗಾಡಿ. ವೋಲ್ವೊ 200 ಸರಣಿಯ ಸ್ಟೇಷನ್ ವ್ಯಾಗನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೀರುವಿನಂಥ ಚೌಕ ಮೈ, ಹಿಂದಿನ ಚಕ್ರಕ್ಕೆ ಡ್ರೈವ್, ಬಾನೆಟ್ ಕೆಳಗೆ ಎಂಜಿನ್ನಿನ ಸುತ್ತ ಕೈಯಾಡುವಷ್ಟು ಜಾಗ. ಇದೇ ಸರಣಿಯ 240 ಸೆಡಾನ್ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಹಾಕಿಕೊಂಡು 1985ರ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದಿತ್ತು. ವ್ಯಾಗನ್ ನೋಡಿದರೆ ಅದು ಯಾರಿಗೂ ನೆನಪಾಗುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಟರ್ಬೊ ಎಂಜಿನ್ ಕೂರಿಸುವುದು ಒಂದು ವಾರದ ಕೆಲಸ. ಕೂರಿಸಿದ್ದು ಗೊತ್ತಾಗದಂತೆ ಮಾಡುವುದಕ್ಕೇ ಮಿಕ್ಕ ತಿಂಗಳುಗಳು ಹೋಗುತ್ತವೆ.

ನಾನು ಆರಿಸಿಕೊಂಡದ್ದು 1990ರ ಗಾಡಿ. ಈ ವ್ಯಾಗನ್ನಿಗೆ ಮೊದಲು 245 ಎಂಬ ಹೆಸರಿತ್ತು. ಅಷ್ಟು ಹೊತ್ತಿಗೆ ಅದು ಬರೀ 240 ಆಗಿತ್ತು, ಬಳಸುವವರ ಬಾಯಲ್ಲಿ ಮಾತ್ರ ಇಂದಿಗೂ 245. ಆ ವರ್ಷವನ್ನೇ ಹುಡುಕಿದ್ದಕ್ಕೆ ಎರಡು ಕಾರಣ. 1980ರಿಂದ 87ರವರೆಗಿನ ಗಾಡಿಗಳಲ್ಲಿ ಎಂಜಿನ್ ವೈರಿಂಗ್‌ನ ಹೊದಿಕೆ ಬಿಸಿಗೆ ಒಣಗಿ ಹಪ್ಪಳದಂತೆ ಪುಡಿಯಾಗುತ್ತದೆ. ಪೂರ್ತಿ ಹಾರ್ನೆಸ್ ಬದಲಿಸದೆ ಗತಿಯಿಲ್ಲ. ಎರಡನೆಯದು ಬಾಷ್‌ನ ಎಲ್‌ಎಚ್ 2.4 ಇಂಜೆಕ್ಷನ್, ಅಂದರೆ ಪೆಟ್ರೋಲ್ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಅದೇ ಕಾಲದ ವೋಲ್ವೊ 740 ಟರ್ಬೊದಲ್ಲೂ ಅದೇ ಪೀಳಿಗೆಯ ಇಂಜೆಕ್ಷನ್ ಇರುವುದರಿಂದ ಆ ಗಾಡಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಇಗ್ನಿಷನ್ ಪೆಟ್ಟಿಗೆ, ಇಂಜೆಕ್ಟರ್, ಒಳಬರುವ ಗಾಳಿ ಅಳೆಯುವ ಏರ್ ಮಾಸ್ ಮೀಟರ್ ಎಲ್ಲವನ್ನೂ ಒಂದೇ ಸೆಟ್ಟಾಗಿ ಎತ್ತಿ ಹಾಕಬಹುದು. ಒಂದೊಂದನ್ನು ಒಂದೊಂದು ಗಾಡಿಯಿಂದ ತಂದು ಜೋಡಿಸಿದರೆ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ಸರಿಪಡಿಸುವುದರಲ್ಲೇ ದಿನ ಕಳೆಯುತ್ತದೆ.

ಮೊದಲು ತುಕ್ಕು. ಈ ವ್ಯಾಗನ್‌ನಲ್ಲಿ ನೀರು ನುಗ್ಗುವ ದಾರಿ ಹಿಂದಿನ ದೀಪಗಳ ಗ್ಯಾಸ್ಕೆಟ್. ಅದು ಒಣಗಿ ಬಿರಿದರೆ ಡಿಕ್ಕಿಯ ನೆಲದ ಎರಡೂ ಪಕ್ಕದ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಒಂದರಲ್ಲಿ ಸ್ಟೆಪ್ನಿ ಇರುವುದರಿಂದ ಅದು ಕಣ್ಣಿಗೆ ಬೀಳುತ್ತದೆ, ಮತ್ತೊಂದು ಕಾರ್ಪೆಟ್ಟಿನಡಿ ಕೊಳೆಯುತ್ತಾ ಇರುತ್ತದೆ. ಮುಂದಿನ ಗಾಜಿನ ಕೆಳಮೂಲೆಗಳು, ಜ್ಯಾಕ್ ಕೊಡುವ ಜಾಗ, ಬ್ಯಾಟರಿ ತಟ್ಟೆ, ಡಿಕ್ಕಿ ಬಾಗಿಲಿನ ಕೆಳ ಅಂಚು ಇವನ್ನೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಬೇಕು. ಪೇಂಟ್ ಚೆನ್ನಾಗಿದ್ದೂ ತುದಿ ಒಳಗೆ ಹೋದರೆ ಆ ಭಾಗ ಕತ್ತರಿಸಬೇಕಾದದ್ದೇ. ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ, 1 ಮಿ.ಮೀ. ಶೀಟಿನ ತೇಪೆ ಇಟ್ಟು, ಒಂದೇ ಕಡೆ ಉದ್ದಕ್ಕೆ ಎಳೆಯದೆ ಚುಕ್ಕಿ ಚುಕ್ಕಿಯಾಗಿ ಜಾಗ ಬದಲಿಸುತ್ತಾ ವೆಲ್ಡ್ ಮಾಡಿದೆ. ಒಂದೇ ಸಮನೆ ಎಳೆದರೆ ಶೀಟು ಕಾದು ಡೊಂಕಾಗುತ್ತದೆ. ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಪುಟ್ಟಿ, ಜೋಡಣೆಗಳಿಗೆ ಸೀಮ್ ಸೀಲರ್, ಕೊನೆಗೆ ಪೊಳ್ಳು ಭಾಗಗಳಿಗೆ ಮೇಣ. ಮೇಣ ಹೊಡೆದ ಮೇಲೆ ಕೆಳಗಿನ ನೀರು ಹೋಗುವ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ವೈರ್ ಮುರಿಯುವುದು ಈ ಗಾಡಿಯ ಹುಟ್ಟುಗುಣ. ಹಿಂದಿನ ವೈಪರ್ ನಿಂತರೆ ಮೋಟರ್ ಬಿಚ್ಚುವ ಮೊದಲು ಅಲ್ಲಿ ನೋಡಿ. ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ ವೈರ್ ಹಾಕಿ, ಜೋಡಣೆಯನ್ನು ಕೀಲಿನಿಂದ ದೂರ ತಂದು ಕ್ರಿಂಪ್ ಮಾಡಿದೆ. ಬಾಗುವ ಜಾಗದಲ್ಲಿ ಸೋಲ್ಡರ್ ಮಾಡಿದರೆ ವೈರ್ ಸೆಟೆದುಕೊಂಡು ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಹೀಟರ್‌ನ ಬ್ಲೋವರ್ ಮೋಟರ್ ಕಿರುಗುಟ್ಟುತ್ತಿದ್ದರೆ ಅದನ್ನೂ ಈಗಲೇ ಬದಲಿಸುವುದು ವಾಸಿ. ಅದನ್ನು ತೆಗೆಯಲು ಡ್ಯಾಶ್‌ಬೋರ್ಡ್‌ನ ಮುಕ್ಕಾಲು ಪಾಲು ಬಿಚ್ಚಬೇಕು. ಆ ಮೋಟರ್ ಇಟ್ಟು ಸುತ್ತಲೂ ಕಾರು ಕಟ್ಟಿದರೇನೋ ಅನ್ನಿಸುತ್ತದೆ.

ಎಂಜಿನ್ ಮುಟ್ಟುವ ಮೊದಲು ಬ್ರೇಕ್. ನನ್ನ ಗಾಡಿಯ ಮುಂದಿನ ಡಿಸ್ಕ್ ಗಟ್ಟಿ ಡಿಸ್ಕ್. ಗಾಳಿಯಾಡುವ ಡಿಸ್ಕ್, ಅದಕ್ಕೆ ಹೊಂದುವ ಕ್ಯಾಲಿಪರ್ ಹಾಕಿ, ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿ, ಡಾಟ್ 4 ಆಯಿಲ್ ತುಂಬಿದೆ. ಇದರ ಎರಡು ಸರ್ಕ್ಯೂಟ್‌ಗಳಲ್ಲಿ ಪ್ರತಿಯೊಂದೂ ಮುಂದಿನ ಎರಡು ಚಕ್ರ ಮತ್ತು ಹಿಂದಿನ ಒಂದು ಚಕ್ರವನ್ನು ಹಿಡಿಯುತ್ತದೆ. ಹಾಗಾಗಿ ಮುಂದಿನ ಕ್ಯಾಲಿಪರ್‌ನಲ್ಲಿ ಒಂದಕ್ಕಿಂತ ಹೆಚ್ಚು ನಿಪ್ಪಲ್ ಇರುತ್ತವೆ. ಒಂದನ್ನೇ ಬಿಚ್ಚಿ ಗಾಳಿ ತೆಗೆದು ಮುಗಿಯಿತು ಅಂದುಕೊಂಡರೆ ಪೆಡಲ್ ಮೆತ್ತಗೇ ಉಳಿಯುತ್ತದೆ, ಆಮೇಲೆ ತಪ್ಪಿಲ್ಲದ ಮಾಸ್ಟರ್ ಸಿಲಿಂಡರ್ ಬದಲಿಸುವ ಕೆಲಸ ಬೀಳುತ್ತದೆ. ಟೈರು 185/70 ಆರ್14ರಿಂದ 195/60 ಆರ್15ಕ್ಕೆ. ಎರಡರ ವ್ಯಾಸವೂ ಸುಮಾರು 615 ಮಿ.ಮೀ., ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ತೂಕ ಹೊರುವ ಗಾಡಿ, ಲೋಡ್ ರೇಟಿಂಗ್ ಇಳಿಯದಂತೆ ನೋಡಿಕೊಳ್ಳಬೇಕು. ರಿಮ್ ಕಬ್ಬಿಣದ್ದೇ, 5x108 ಬೋಲ್ಟ್ ಅಳತೆಯದು, ಮೇಲೆ ಕಂಪನಿಯ ಹಬ್ ಕ್ಯಾಪ್.

ಟರ್ಬೊ ಎಂಜಿನ್ 740ರ ಬಿ230ಎಫ್‌ಟಿ. ನನ್ನ ಗಾಡಿಯ ಹಳೆಯ ಬಿ230ಎಫ್‌ಗೂ ಇದಕ್ಕೂ ಒಂದೇ ಅಳತೆ: ಬೋರ್ 96, ಸ್ಟ್ರೋಕ್ 80 ಮಿ.ಮೀ., 2,316 ಸಿಸಿ. ವ್ಯತ್ಯಾಸ ಕಂಪ್ರೆಷನ್‌ನಲ್ಲಿ. ಹಳೆಯದು 9.8, ಟರ್ಬೊದ್ದು 8.7. ಎಂಜಿನ್ ಮೌಂಟ್, ಬೆಲ್ ಹೌಸಿಂಗ್ ಹಾಗೆಯೇ ಕೂರುತ್ತವೆ. 1990ರಿಂದ ಈಚಿನ ಎಂಜಿನ್‌ಗಳಲ್ಲಿ 13 ಎಂಎಂ ಅಂತ ಕರೆಯುವ ದಪ್ಪ ಕನೆಕ್ಟಿಂಗ್ ರಾಡ್ ಇದೆ. ಅದಕ್ಕಿಂತ ಹಿಂದಿನದು ಅಗ್ಗಕ್ಕೆ ಸಿಕ್ಕರೂ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸುವವರಿಗೆ ಬೇಡ. ಇಳಿಸುವ ಮೊದಲು ಕಂಪ್ರೆಷನ್ ಅಳೆದು, ನಾಲ್ಕು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಹೆಡ್ ಬೋಲ್ಟ್ 20 ನ್ಯೂಟನ್ ಮೀಟರ್, ಆಮೇಲೆ 60, ಆಮೇಲೆ 90 ಡಿಗ್ರಿ ತಿರುವು. ತಣ್ಣಗಿದ್ದಾಗ ವಾಲ್ವ್ ಗ್ಯಾಪ್ 0.35ರಿಂದ 0.40 ಮಿ.ಮೀ.

ಕೂರುತ್ತದೆ ಎಂದೆನಲ್ಲ, ಒಂದು ಮಾತ್ರ ಕೂರುವುದಿಲ್ಲ: ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. 740ರಲ್ಲಿ ಅದು ಹೆಡ್ಡಿನ ಹಿಂಬದಿಯಲ್ಲಿ, ಕ್ಯಾಮ್ ತುದಿಗೆ ಸಿಕ್ಕಿಸಿಕೊಂಡಿರುತ್ತದೆ. 240ರಲ್ಲಿ ಆ ಜಾಗಕ್ಕೆ ಎಂಜಿನ್ನಿನ ಹಿಂದಿನ ಗೋಡೆ, ಅಂದರೆ ಫೈರ್‌ವಾಲ್ ಅಡ್ಡ ಬರುತ್ತದೆ. ಆದ್ದರಿಂದ ಹೆಡ್ಡಿನ ತೂತಿಗೆ ಮುಚ್ಚಳ ಹಾಕಿ, ಬ್ಲಾಕ್‌ನಲ್ಲಿ ಕೂರುವ 240ರ ಡಿಸ್ಟ್ರಿಬ್ಯೂಟರನ್ನೇ ಬಳಸಬೇಕು. ತಂದ ಎಂಜಿನ್ನಿನ ಇಂಟರ್ಮೀಡಿಯೆಟ್ ಶಾಫ್ಟ್‌ನಲ್ಲಿ ಅದನ್ನು ತಿರುಗಿಸುವ ಹಲ್ಲು ಇದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಎಂಜಿನ್ನಿನ ಶಾಫ್ಟ್ ಇದಕ್ಕೆ ಬರಬೇಕು. ಎಂಜಿನ್ ನೆಲದ ಮೇಲಿರುವಾಗಲೇ ಇದು ಮುಗಿಯಲಿ.

ಇಲ್ಲೊಂದು ಸೂಕ್ಷ್ಮ ಇದೆ. ಕಿಡಿ ಯಾವಾಗ ಹಾರಬೇಕೆಂದು ಹೇಳುವುದು ಬೆಲ್ ಹೌಸಿಂಗ್ ಮೇಲಿನ ಕ್ರ್ಯಾಂಕ್ ಸೆನ್ಸರ್. ಡಿಸ್ಟ್ರಿಬ್ಯೂಟರ್ ಬರೀ ಹಂಚುವವನು. ಹಾಗಾಗಿ ಅದನ್ನು ತಿರುಗಿಸಿದರೆ ಟೈಮಿಂಗ್ ಬದಲಾಗುವುದಿಲ್ಲ, ಬದಲಾಗುವುದು ಕಿಡಿ ಹಾರುವ ಹೊತ್ತಿಗೆ ರೋಟರ್ ತುದಿ ಎಲ್ಲಿರುತ್ತದೆ ಎಂಬುದು. ಶಾಫ್ಟ್ ಒಂದು ಹಲ್ಲು ತಪ್ಪಿದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿ ಗಡಿಯಾರದಂತೆ ಓಡುತ್ತದೆ. ಬೂಸ್ಟ್ ಏರಿದ ಕೂಡಲೇ ಜರ್ಕ್. ಸಿಲಿಂಡರ್ ಒತ್ತಡ ಹೆಚ್ಚಾದಾಗ ಪ್ಲಗ್ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಜೊತೆಗೆ ರೋಟರ್ ತುದಿಗೂ ಕ್ಯಾಪ್ ಟರ್ಮಿನಲ್‌ಗೂ ಅಂತರ ಬಿದ್ದರೆ ಕಿಡಿ ಅಡ್ಡದಾರಿ ಹಿಡಿಯುತ್ತದೆ. ಹೀಗಾದಾಗ ಇಂಧನ ಪಂಪ್ ಮೇಲೆ ಅನುಮಾನ ಪಡುವವರೇ ಜಾಸ್ತಿ. ನೋಡುವ ವಿಧಾನ ಸುಲಭ. ಒಂದು ಹಳೆಯ ಕ್ಯಾಪ್‌ನಲ್ಲಿ ಒಂದನೇ ಟರ್ಮಿನಲ್ ಪಕ್ಕದಲ್ಲಿ 10 ಮಿ.ಮೀ. ತೂತು ಕೊರೆದು, ಎಂಜಿನ್ ಓಡಿಸುತ್ತಾ ಟೈಮಿಂಗ್ ಲೈಟ್ ಹಿಡಿಯಿರಿ. ಬೆಳಕಿನಲ್ಲಿ ರೋಟರ್ ತುದಿ ಅಲ್ಲಾಡದೆ ನಿಂತಂತೆ ಕಾಣುತ್ತದೆ. ಅದು ಟರ್ಮಿನಲ್‌ನ ಎದುರಿಗೇ ನಿಂತಿರಬೇಕು. ಪ್ಲಗ್ ಗ್ಯಾಪ್ 0.7 ಮಿ.ಮೀ.

ಟರ್ಬೊದ ಆಯಿಲ್ ಇಳಿಯುವ ಪೈಪು ಎಲ್ಲೂ ಜೋತು ಬೀಳದೆ ನೇರ ಕೆಳಗೆ ಬರಬೇಕು. ಅಲ್ಲಿ ಆಯಿಲ್ ನಿಂತರೆ ಸೀಲ್ ದಾಟಿ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಅಪವಾದ ಮಾತ್ರ ಒಳ್ಳೆಯ ಟರ್ಬೊ ಮೇಲೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಇಗ್ನಿಷನ್ ಕನೆಕ್ಟರ್ ಮತ್ತು ಇಂಧನ ಪಂಪ್ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೂ ಸೆಲ್ಫ್ ಹೊಡೆಯಿರಿ. ಎಂಜಿನ್ನಿನೊಳಗಿನ ಹಬೆಯನ್ನು ಹೊರಬಿಡುವ ಬ್ರೀದರ್ ಪೆಟ್ಟಿಗೆ ಹೊಸದೇ ಆಗಲಿ. ಅದನ್ನು ಪರೀಕ್ಷಿಸಲು ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಬಾಯಿಗೆ ರಬ್ಬರ್ ಕೈಗವಸು ಬಿಗಿದು ನೋಡುತ್ತೇನೆ. ಐದು ಬೆರಳೂ ಎದ್ದು ನಿಂತರೆ ಬ್ರೀದರ್ ಕಟ್ಟಿದೆ ಅಥವಾ ರಿಂಗ್ ಸವೆದಿದೆ. ಹಾಗೇ ಓಡಿಸಿದರೆ ಹಿಂದಿನ ಮೇನ್ ಸೀಲ್ ಹೊರಗೆ ಬರುತ್ತದೆ. ಗವಸು ಒಳಗೆ ಎಳೆದುಕೊಂಡರೆ ಸರಿ ಇದೆ.

ಇಂಧನದ ಲೆಕ್ಕ: ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 5.8 ಸಿಸಿ ಪೆಟ್ರೋಲ್ ಹಿಡಿಯಿರಿ. 200 ಅಶ್ವಶಕ್ತಿಗೆ 1,160. ನಾಲ್ಕರಿಂದ ಭಾಗಿಸಿದರೆ 290, ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಅಂದರೆ 360 ಸಿಸಿಯದ್ದು ಬೇಕು. ಇಂಜೆಕ್ಟರ್ ದೊಡ್ಡದಾದ ಮೇಲೆ ಇಸಿಯುವಿನ ಚಿಪ್ ಅದಕ್ಕೆ ತಕ್ಕಂತೆ ಬರೆಸಲೇಬೇಕು. ಬೂಸ್ಟ್ 0.8 ಬಾರ್‌ಗೆ ನಿಲ್ಲಿಸಿದ್ದೇನೆ, ಪೂರ್ತಿ ಬೂಸ್ಟ್‌ನಲ್ಲಿ ಮಿಕ್ಸ್ಚರ್ ಒಂದು ಪಾಲು ಪೆಟ್ರೋಲಿಗೆ 11.5 ಪಾಲು ಗಾಳಿಯ ಸುತ್ತಮುತ್ತ. ಟ್ಯಾಂಕ್ ಒಳಗಿನ ಪುಟ್ಟ ಪಂಪಿನ ಗೇಣುದ್ದದ ರಬ್ಬರ್ ಹೋಸ್ ಒಡೆದಿದ್ದರೆ, ಕೆಳಗಿನ ದೊಡ್ಡ ಪಂಪು ಗಾಳಿ ಎಳೆದು ಸದ್ದು ಮಾಡಿ ಸಾಯುತ್ತದೆ. ಹೋಸ್ ಮೊದಲು ಬದಲಿಸಿ. ಎಂಜಿನ್ನಿನ ಬಡಿತ ಆಲಿಸುವ ನಾಕ್ ಸೆನ್ಸರ್ ಬೋಲ್ಟ್ 20 ನ್ಯೂಟನ್ ಮೀಟರ್, ಅಂದಾಜಿನ ಮೇಲೆ ಬೇಡ. ಬಿಗಿ ತಪ್ಪಿದರೆ ಅದರ ಕಿವಿಯೂ ತಪ್ಪುತ್ತದೆ.

ಗೇರ್‌ಬಾಕ್ಸ್ ಆಟೊಮ್ಯಾಟಿಕ್ಕೇ ಇರಲಿ ಎಂದು ಎಡಬ್ಲ್ಯು71 ಹಾಕಿದೆ. ಸ್ಲೀಪರ್‌ಗೆ ಅದೇ ಒಪ್ಪುತ್ತದೆ, ಹಿಂದಿನ ಆಕ್ಸಲ್‌ಗೆ ಏಟೂ ಕಡಿಮೆ. ಥ್ರಾಟಲ್ ಬಾಡಿಯಿಂದ ಬರುವ ಅದರ ಕೇಬಲ್ ಜೋರಾಗಿ ತುಳಿದಾಗ ಗೇರ್ ಇಳಿಸುವ ಕಿಕ್‌ಡೌನ್‌ಗಷ್ಟೇ ಅಲ್ಲ, ಒಳಗಿನ ಆಯಿಲ್ ಒತ್ತಡ ನಿರ್ಧಾರವಾಗುವುದೂ ಅದರಿಂದಲೇ. ಪೂರ್ತಿ ತುಳಿದಾಗ ಕೇಬಲ್ ಸುಮಾರು 50 ಮಿ.ಮೀ. ಹೊರಬರಬೇಕು. ಸಡಿಲವಿದ್ದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಪ್ರತ್ಯೇಕ ಆಯಿಲ್ ಕೂಲರ್ ಬೇಕೇ ಬೇಕು.

ಇನ್ನು ಬೂದಿಯ ಕೆಲಸ, ಅಂದರೆ ಮರೆಮಾಚುವುದು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ರೇಡಿಯೇಟರ್ ಮುಂದೆ, ಹೊಳಪಿಲ್ಲದ ಕಪ್ಪು ಬಣ್ಣದ ತೆಳು ಪದರ ಹೊಡೆದು. ಅಲ್ಯೂಮಿನಿಯಂ ಹಾಗೇ ಬಿಟ್ಟರೆ ಗ್ರಿಲ್ ಸಂದಿಯಲ್ಲಿ ಹಲ್ಲು ಕಿರಿದಂತೆ ಹೊಳೆಯುತ್ತದೆ. ಏರ್ ಫಿಲ್ಟರ್ ಕಂಪನಿಯ ಪೆಟ್ಟಿಗೆಯಲ್ಲೇ. ತೆರೆದ ಫಿಲ್ಟರ್ ಶಿಳ್ಳೆ ಹೊಡೆಯುತ್ತದೆ, ಬಾನೆಟ್ಟಿನ ಬಿಸಿಗಾಳಿಯನ್ನೂ ಕುಡಿಯುತ್ತದೆ. ಥ್ರಾಟಲ್ ಬಿಟ್ಟಾಗ ಬುಸ್ ಎನ್ನುವ ವಾಲ್ವ್ ಇಷ್ಟಪಡುವವರಿದ್ದಾರೆ. ಅದು ಗುಟ್ಟು ಬಿಟ್ಟುಕೊಡುವುದು ಹಾಗಿರಲಿ, ಏರ್ ಮಾಸ್ ಮೀಟರ್ ಲೆಕ್ಕ ಹಾಕಿದ ಗಾಳಿಯನ್ನು ಹೊರಗೆ ಚೆಲ್ಲಿದರೆ ಪೆಟ್ರೋಲ್ ಮಾತ್ರ ಉಳಿದು ಗೇರ್ ಬದಲಾಗುವಾಗ ಎಂಜಿನ್ ತಡವರಿಸುತ್ತದೆ. ಗಾಳಿಯನ್ನು ಟರ್ಬೊ ಬಾಯಿಗೇ ಹಿಂದಿರುಗಿಸುವ ವಾಲ್ವ್ ಹಾಕಿದೆ.

ಎಕ್ಸಾಸ್ಟ್ 63 ಮಿ.ಮೀ. ಪೈಪು, ನಡುವೆ ರೆಸೊನೇಟರ್, ಹಿಂದೆ ದೊಡ್ಡ ಸೈಲೆನ್ಸರ್, ಬಾಯಿ ಮಾತ್ರ ಹಳೆಯ ಅಳತೆಯ, ಹಳೆಯ ಜಾಗದ ಸಣ್ಣ ಕೊಳವೆ. ರೆಸೊನೇಟರ್ ಬಿಟ್ಟರೆ ಹೆದ್ದಾರಿಯ ವೇಗದಲ್ಲಿ ವ್ಯಾಗನ್‌ನ ಖಾಲಿ ಹೊಟ್ಟೆ ತಂಬೂರಿಯಂತೆ ಮೊರೆಯುತ್ತದೆ. ಆಕ್ಸಲ್ ಮೇಲಿನ ಬಾಗು ಅಳೆಯುವಾಗ ಸ್ಪ್ರಿಂಗ್ ತೆಗೆದು ಆಕ್ಸಲನ್ನು ಜ್ಯಾಕಿನಿಂದ ಬಂಪ್ ಸ್ಟಾಪ್‌ಗೆ ತಾಗುವವರೆಗೂ ಎತ್ತಿ ನೋಡಿ. ಸ್ಟ್ಯಾಂಡ್ ಮೇಲೆ ಜೋತಾಡುವ ಆಕ್ಸಲ್ ನೋಡಿ ಅಳತೆ ತೆಗೆದರೆ ಮೊದಲ ಹಂಪ್‌ನಲ್ಲೇ ಟಣ್ ಅನ್ನುತ್ತದೆ. ಮುಂದೆ 20 ಮಿ.ಮೀ. ಇಳಿಸಿದೆ, ಹಿಂದೆ ಮುಟ್ಟಲಿಲ್ಲ, ಬುಷ್‌ಗಳೆಲ್ಲ ಹೊಸವು. ಹಿಂಬದಿ ಇಳಿಸಿದರೆ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಕೆಲವು ಮಿ.ಮೀ. ಪಕ್ಕಕ್ಕೆ ತಳ್ಳುವುದರಿಂದ ಉದ್ದ ಹೊಂದಿಸುವ ರಾಡ್ ಬೇಕಾಗುತ್ತದೆ. ಅದೂ ಅಲ್ಲದೆ, ಹಿಂದೆ ಸ್ವಲ್ಪ ಎತ್ತರ ನಿಂತ ಖಾಲಿ ವ್ಯಾಗನ್ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಪೇಂಟು ತುಕ್ಕು ತೆಗೆದ ಪ್ಯಾನೆಲ್‌ಗಳಿಗೆ ಮಾತ್ರ. ಹೊಸ ಹೊಳಪು ಅಕ್ಕಪಕ್ಕದ ಹಳೆಯದಕ್ಕೆ ಹೊಂದುವಂತೆ 2000 ನಂಬರ್ ಕಾಗದದಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಅರ್ಧಕ್ಕೇ ನಿಲ್ಲಿಸಿದೆ. ಕ್ಯಾರಿಯರ್ ಹಾಗೇ ಇದೆ.

ಬೂಸ್ಟ್ ಮತ್ತು ಮಿಕ್ಸ್ಚರ್ ಮೀಟರ್‌ಗಳನ್ನು ಗ್ಲವ್ ಬಾಕ್ಸ್ ಒಳಗೆ ಕೂರಿಸಿ, ಮುಚ್ಚಳ ತೆರೆದಿಟ್ಟು ಪಕ್ಕದ ಸೀಟಿನಲ್ಲಿ ಒಬ್ಬರು ಕೂತು ಓದುತ್ತಾ ಟ್ಯೂನ್ ಮಾಡಿದ್ದು. 1,000 ಕಿ.ಮೀ. ಆದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ತಣ್ಣಗಿರುವಾಗ ಮತ್ತೆ ಬಿಗಿದು, ವಾಲ್ವ್ ಗ್ಯಾಪ್ ಅಳೆದು, ಆಯಿಲ್ ಬದಲಿಸಿ, ಮೀಟರ್‌ಗಳನ್ನು ಬಿಚ್ಚಿದೆ. ಬೂಸ್ಟ್ ಹೋಸ್ ತುದಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದು ಗ್ಲವ್ ಬಾಕ್ಸ್ ಹಿಂದೆ ಕಟ್ಟಿಟ್ಟಿದ್ದೇನೆ. ಚಿಪ್ ಮತ್ತೆ ಬರೆಸುವ ದಿನ ಅದನ್ನು ಎಳೆದುಕೊಂಡರೆ ಆಯಿತು.