ಹೊಡೆದಾಟಕ್ಕೆ ಹೊರಟ ಹುಡುಗನನ್ನು ತಡೆಯುವುದು ಹೇಗೆ

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದು ಬೈಕ್ ಗ್ಯಾರೇಜು. ಸೈಲೆನ್ಸರ್ ಬದಲಿಸಲು, ವೀಲಿಂಗ್ ಮಾಡಿ ಮುರಿದುಕೊಂಡದ್ದನ್ನು ಸರಿ ಮಾಡಿಸಲು ಹದಿನೈದು, ಹದಿನಾರರ ಹುಡುಗರು ಬರುತ್ತಾರೆ. ಅವರ ಜಗಳ ಹುಟ್ಟುವುದು ಚಿಕ್ಕದರಲ್ಲೇ. ಒಬ್ಬ ಗುರಾಯಿಸಿದ, ಇನ್ನೊಬ್ಬ ನಮ್ಮ ಏರಿಯಾಗೆ ಬಂದು ಹವಾ ತೋರಿಸಿದ. ಸಂಜೆಗೆ ಯಾರೋ ‘ಸುಮ್ನೆ ಬಿಟ್ಟುಬಿಟ್ಯಾ? ಗಂಡಸಲ್ವಾ ನೀನು?’ ಅನ್ನುತ್ತಾನೆ. ಅಲ್ಲಿಂದ ಮುಂದೆ ಹುಡುಗನಿಗೆ ಆ ಕಡೆಯವನ ಮೇಲಿನ ಸಿಟ್ಟಿಗಿಂತ ಈ ಕಡೆಯ ಗೆಳೆಯರ ಭಯವೇ ಜಾಸ್ತಿ.

ಅದಕ್ಕೇ ಮೊದಲು ಅವನನ್ನು ಗುಂಪಿನಿಂದ ಈಚೆ ಕರೆಯಿರಿ. ಎಲ್ಲರೆದುರು ಬೈಯಬೇಡಿ, ಕೆನ್ನೆಗಂತೂ ಬಾರಿಸಲೇಬೇಡಿ. ಬಾರಿಸಿದರೆ ಅವನು ಹೋಗಿಯೇ ಹೋಗುತ್ತಾನೆ. ನಾನಂತೂ ‘ಬಾರೋ, ಈ ಚೈನ್ ಸ್ವಲ್ಪ ಹಿಡ್ಕೋ’ ಅಂತ ಕೆಲಸ ಹೇಳುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಬಾಯಿ ಬಿಡದವನು ಕೈ ಕೊಳೆಯಾಗಿರುವಾಗ ಎಲ್ಲ ಹೇಳುತ್ತಾನೆ. ಟೀ, ಬನ್ನು ತರಿಸಿ. ಎಷ್ಟೋ ಸಲ ಮಧ್ಯಾಹ್ನದಿಂದ ಏನೂ ತಿಂದಿರುವುದಿಲ್ಲ.

‘ಹೋಗಬೇಡ’ ಅಂದರೆ ಸಾಲದು. ಗೆಳೆಯರಿಗೆ ಹೇಳಿಕೊಳ್ಳಲು ಅವನಿಗೊಂದು ನೆಪ ಬೇಕು. ‘ಗಾಡಿ ಡೆಲಿವರಿ ಇದೆ, ಅಣ್ಣ ಬಿಡ್ತಿಲ್ಲ’ ಅನ್ನಲಿ. ಫೋನ್ ಬಂದರೆ ನೀವೇ ಎತ್ತಿ ಗದರಿಸಿ. ಅವರು ನಿಮ್ಮನ್ನು ಬೈದುಕೊಳ್ಳಲಿ, ಹುಡುಗನ ಮಾನ ಉಳಿಯುತ್ತೆ.

ಆಮೇಲೆ ಹಿಂದೆ ಯಾರಿದ್ದಾರೆ ಅಂತ ಕೇಳಿ. ಬಿರಿಯಾನಿ ಕೊಡಿಸಿ, ಪೆಟ್ರೋಲ್ ಹಾಕಿಸಿ, ಚಿಕ್ಕವರ ಕೈಗೆ ಲಾಂಗು ಕೊಡುವ ‘ಬಾಸ್’ ಒಬ್ಬ ಇರುತ್ತಾನೆ. ‘ಹದಿನೆಂಟು ಆಗಿಲ್ವಲ್ಲ, ನಿಂಗೇನೂ ಆಗಲ್ಲ’ ಅಂತ ತಲೆ ತುಂಬುತ್ತಾನೆ. ಶುದ್ಧ ಸುಳ್ಳು. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಕೊಲೆಯಂಥ ಘೋರ ಅಪರಾಧವಾದರೆ 16 ತುಂಬಿದವನನ್ನು ದೊಡ್ಡವರಂತೆ ವಿಚಾರಣೆ ಮಾಡಲು ಅವಕಾಶವಿದೆ. ಬಾಲನ್ಯಾಯ ಮಂಡಳಿ ಅವನನ್ನು ಪರಿಶೀಲಿಸಿ ತೀರ್ಮಾನಿಸುತ್ತದೆ. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿದ ದೊಡ್ಡವನಿಗೆ ಅದೇ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲಿದೆ. ಇದನ್ನು ಹುಡುಗನಿಗೆ ಹೆದರಿಸುವ ದನಿಯಲ್ಲಿ ಹೇಳಬೇಡಿ. ‘ಅವನು ನಿನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದಾನೆ ನೋಡು’ ಅನ್ನಿ. ಅದು ನಾಟುತ್ತೆ.

ಮಚ್ಚು, ಲಾಂಗು ಆಗಲೇ ಹೊರಗೆ ಬಂದಿದ್ದರೆ ನಡುವೆ ಹೋಗಬೇಡಿ. 112ಕ್ಕೆ ಫೋನ್ ಮಾಡಿ. ಆ ಗುಂಪಿನಿಂದ ಬಿಡಿಸಿಕೊಳ್ಳಲು ಹುಡುಗನಿಗೆ ಸಹಾಯ ಬೇಕಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಒಂದು ರಾತ್ರಿ ತಡೆದರೆ ಮುಗಿಯಲಿಲ್ಲ. ಮಾರನೇ ದಿನವೇ ಆ ಕಡೆಯ ಹುಡುಗನ ಮನೆಯ ಹಿರಿಯರನ್ನು ಕಂಡು ಮಾತಾಡಿ. ಇಬ್ಬರನ್ನೂ ಬೀದಿಯಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸಬೇಡಿ. ಮನೆಯೊಳಗೆ ಕೂರಿಸಿ, ಅವರವರ ಗೆಳೆಯರು ಯಾರೂ ಇಲ್ಲದಾಗ.