ಒಂದೇ ಕೆರೆ, ಎರಡು ಪದವಿ: ಪರಿಸರ ಎಂಜಿನಿಯರಿಂಗ್ ಜೊತೆಗೆ ಬಿ.ಎಸ್ಸಿ. ಓದಿದ ನನ್ನ ಅನುಭವ

ಪರಿಸರ ಎಂಜಿನಿಯರಿಂಗ್ ಮತ್ತು ವಿಜ್ಞಾನವನ್ನು ಒಂದೇ ಪ್ರವೇಶದಲ್ಲಿ ಸೇರಿಸಿ ಕಲಿಸುವ ಜೋಡಿ ಪದವಿ ಆಸ್ಟ್ರೇಲಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಐದು ವರ್ಷ ಓದಿದವರಿಗೆ ಎರಡು ಪದವಿಗಳು ದೊರೆಯುತ್ತವೆ. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ ಎಂ.ಎಸ್ಸಿ. ಮತ್ತು ಬಿ.ಇ.ಯನ್ನು ಜೋಡಿಸಿ ಕೊಡುತ್ತದೆ. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಯುವ ಮನೆಯಿಂದ ಬಂದ ನನಗೆ ಈ ಎರಡರ ಖರ್ಚೂ ಎಟುಕುವಂತಿರಲಿಲ್ಲವಾದ್ದರಿಂದ ಆ ಜೋಡಿಯನ್ನು ನಾನೇ ಹೊಂದಿಸಿಕೊಂಡೆ: ಮೈಸೂರಿನ ಕಾಲೇಜಿನಲ್ಲಿ ಪರಿಸರ ಎಂಜಿನಿಯರಿಂಗ್ ಬಿ.ಇ., ಅದೇ ಅವಧಿಯಲ್ಲಿ ದೂರಶಿಕ್ಷಣದ ಮೂಲಕ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರದ ಬಿ.ಎಸ್ಸಿ.

ಇದಕ್ಕೆ ದಾರಿಯಾದದ್ದು ಯುಜಿಸಿಯು (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ. ಅದರ ಪ್ರಕಾರ ತರಗತಿಯ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡು ಪದವಿಗಳನ್ನೂ ಕಾಲೇಜಿಗೆ ಹೋಗಿಯೇ ಓದಬಹುದು. ಇಲ್ಲವೇ ಒಂದನ್ನು ಕಾಲೇಜಿನಲ್ಲಿ, ಮತ್ತೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಓದಬಹುದು. ಪಿಎಚ್.ಡಿ.ಗೆ ಈ ಅವಕಾಶ ಅನ್ವಯಿಸುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ತರಗತಿ ಮತ್ತು ಲ್ಯಾಬ್ ಇರುವ ಬಿ.ಇ. ವಿದ್ಯಾರ್ಥಿಗೆ ಮೊದಲನೆಯ ದಾರಿ ಕಾಗದದ ಮೇಲಷ್ಟೇ ಇದೆ, ಉಳಿಯುವುದು ಎರಡನೆಯದೇ. ಪಿಯುಸಿಯಲ್ಲಿ ನಾನು ಪಿಸಿಎಂಬಿ ತೆಗೆದುಕೊಂಡಿದ್ದುದು ಇಲ್ಲಿ ನೆರವಿಗೆ ಬಂತು, ಏಕೆಂದರೆ ಗಣಿತವಿಲ್ಲದೆ ಎಂಜಿನಿಯರಿಂಗ್ ಸೀಟು ಇಲ್ಲ, ಜೀವಶಾಸ್ತ್ರವಿಲ್ಲದೆ ಸಸ್ಯ ಮತ್ತು ಪ್ರಾಣಿಶಾಸ್ತ್ರವನ್ನು ಮುಂದುವರಿಸುವುದು ಕಷ್ಟ. ಈ ಜೋಡಿಯ ಆಲೋಚನೆ ಇರುವವರು ಅದನ್ನು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ತೀರ್ಮಾನಿಸಬೇಕು. ಸಿಇಟಿ ಮುಗಿದ ಮೇಲೆ ಯೋಚಿಸಿದರೆ ತಡವಾಗುತ್ತದೆ.

ಮೊದಲ ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್, ಡ್ರಾಯಿಂಗ್ ಶೀಟು, ಸಿ ಪ್ರೋಗ್ರಾಮಿಂಗ್ ಎಂದು ಎಲ್ಲ ಬ್ರಾಂಚಿನವರಂತೆ ವರ್ಷ ಕಳೆಯಿತು. ಬಿ.ಎಸ್ಸಿ.ಯ ರಸಾಯನಶಾಸ್ತ್ರದ ಪಾಠಪುಸ್ತಕಗಳನ್ನು ಮಂಡ್ಯದಿಂದ ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಓದುತ್ತಿದ್ದೆ.

ಎರಡನೆಯ ವರ್ಷದಲ್ಲಿ ಕೈಗೊಂಡ ಒಂದು ತೀರ್ಮಾನ ಮಾತ್ರ ಮುಂದಿನ ಓದನ್ನೆಲ್ಲ ರೂಪಿಸಿತು. ಎರಡೂ ಕಡೆಯ ಅಸೈನ್‌ಮೆಂಟ್, ಸೆಮಿನಾರ್, ಮಿನಿ ಪ್ರಾಜೆಕ್ಟ್‌ಗಳಲ್ಲಿ ವಿಷಯದ ಆಯ್ಕೆ ನನ್ನದಾಗಿದ್ದಾಗಲೆಲ್ಲ ಅದನ್ನು ನಮ್ಮೂರ ಕೆರೆಯ ಮೇಲೆಯೇ ಮಾಡುವುದೆಂದು ನಿಶ್ಚಯಿಸಿದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿರುವ ಆ ಕೆರೆಗೆ ಗದ್ದೆಗಳಿಂದ ಬಸಿದ ನೀರು ಒಂದು ಕಡೆಯಿಂದ, ಊರಿನ ಚರಂಡಿ ನೀರು ಇನ್ನೊಂದು ಕಡೆಯಿಂದ ಸೇರುತ್ತದೆ; ಮೀನು ಹಿಡಿಯುವ ಹಕ್ಕು ಟೆಂಡರಿನಲ್ಲಿ ಹೋಗುತ್ತದೆ. ಎರಡು ಪದವಿಗಳ ಪಠ್ಯಕ್ರಮಗಳು ಒಂದನ್ನೊಂದು ನೋಡಿ ಬರೆದವಲ್ಲ. ಆದ್ದರಿಂದ ಅವೆರಡೂ ಕೂಡುವ ಸ್ಥಳವೊಂದನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳದಿದ್ದರೆ ಕೊನೆಗೆ ಕೈಯಲ್ಲಿ ಎರಡು ಅಂಕಪಟ್ಟಿಗಳು ಉಳಿಯುತ್ತವೆಯೇ ಹೊರತು ಜೋಡಿ ಓದು ಎಂಬುದು ಆಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕದ ವಿಷಯವನ್ನೇ ತೆಗೆದುಕೊಳ್ಳೋಣ. ಎಂಜಿನಿಯರಿಂಗ್ ಲ್ಯಾಬಿಗೆ ನಾವು ಮಾದರಿ ತರುತ್ತಿದ್ದುದು ಲ್ಯಾಬ್ ತೆರೆಯುವ ವೇಳೆಗೆ, ಅಂದರೆ ಬಿಸಿಲು ಏರಿದ ಮೇಲೆ. ಹಸಿರುಗಟ್ಟಿದ ಕೆರೆಯಲ್ಲಿ ಆ ಹೊತ್ತಿಗೆ ಪಾಚಿಯ ದ್ಯುತಿಸಂಶ್ಲೇಷಣೆ ಜೋರಾಗಿ ನಡೆದಿರುತ್ತದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, ನಮ್ಮ ಎತ್ತರದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಮಧ್ಯಾಹ್ನದ ಮಾದರಿ ಆ ಮಟ್ಟವನ್ನೂ ದಾಟಿರುತ್ತಿತ್ತು. ಆ ಸಂಖ್ಯೆಯನ್ನು ಮಾತ್ರ ನೋಡಿದವರು ಕೆರೆ ಬಹಳ ಆರೋಗ್ಯವಾಗಿದೆ ಎಂದೇ ಬರೆಯುತ್ತಾರೆ. ಕೆರೆಯ ಟೆಂಡರು ಹಿಡಿದಿದ್ದ ಹಿರಿಯರೊಬ್ಬರು ನನ್ನ ಬಾಟಲಿಗಳನ್ನು ನೋಡಿ, "ಮದ್ಯಾನ ಬಂದ್ರೆ ಏನ್ ಗೊತ್ತಾದದು ಕಣವ್ವ, ಕೋಳಿ ಕೂಗೋ ಹೊತ್ಗೆ ಬಂದು ನೋಡು, ಮೀನೆಲ್ಲ ಬಾಯಿ ಬುಟ್ಕಂಡು ಮೇಕ್ ಬತ್ತವೆ" ಎಂದರು. ಸಸ್ಯಶಾಸ್ತ್ರದ ಪುಸ್ತಕ ಹೇಳುವುದೂ ಅದನ್ನೇ: ಬೆಳಕು ಹೋದ ಮೇಲೆ ಅದೇ ಪಾಚಿ ಉಸಿರಾಟಕ್ಕೆ ಆಮ್ಲಜನಕವನ್ನು ಬಳಸುತ್ತದೆ, ತಳದ ಕೆಸರಿನ ಬ್ಯಾಕ್ಟೀರಿಯಾ ಅದರ ಜೊತೆಗೂಡುತ್ತವೆ, ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮೊದಲು ಮಟ್ಟ ಅತಿ ಕೆಳಗಿರುತ್ತದೆ.

ಹಾಗಾಗಿ ಕತ್ತಲಿರುವಾಗಲೇ ಏರಿಯ ಮೇಲೆ ಹೋಗಿ ಕುಳಿತೆ. ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದಲ್ಲಿ 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಳಿಸಿ ಮ್ಯಾಂಗನಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡ್–ಅಜೈಡ್ ದ್ರಾವಣವನ್ನೂ ಬಿಟ್ಟು, ಮುಚ್ಚಳ ಹಾಕಿ ಮೇಲೆ ಕೆಳಗೆ ತಿರುಗಿಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಒತ್ತರ (ನೀರಿನಲ್ಲಿ ಕರಗದೆ ತಳಕ್ಕಿಳಿಯುವ ಪುಡಿ) ಮೋಡದಂತೆ ಕೆಳಗಿಳಿಯುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಹಿಂದಿನ ಮಧ್ಯಾಹ್ನ ಅದೇ ಜಾಗದ ನೀರಿನಲ್ಲಿ ಗಾಢ ಕಂದು ಕಂಡಿದ್ದವಳಿಗೆ ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಹಾಲು ಕಡಿಮೆಯಾದ ಕಾಫಿಯೂ ಅಲ್ಲದ, ಬರೀ ಮಾಸಲು ಬಿಳಿ. ಉಳಿದ ಕೆಲಸ ಕಾಲೇಜಿನ ಲ್ಯಾಬಿನದು: ಗಂಧಕಾಮ್ಲ ಹಾಕಿ ಒತ್ತರ ಕರಗಿಸಿ, 200 ಮಿಲಿಲೀಟರ್ ತೆಗೆದುಕೊಂಡು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ, ಅಂದರೆ ಬಣ್ಣ ಹೋಗುವವರೆಗೆ ಅದನ್ನು ಹನಿಹನಿಯಾಗಿ ಬಿಟ್ಟರೆ, ಖರ್ಚಾದ ಪ್ರತಿ ಮಿಲಿಲೀಟರ್ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. ಈ ದ್ರಾವಣವನ್ನು ಲೆಕ್ಕ ಸುಲಭವಾಗಲೆಂದೇ ಹಾಗೆ ಹೊಂದಿಸಲಾಗಿದೆ.

ಇದೇ ಹೊತ್ತಿಗೆ ಎಂಜಿನಿಯರಿಂಗ್ ತರಗತಿಯಲ್ಲಿ ಸ್ಟ್ರೀಟರ್–ಫೆಲ್ಪ್ಸ್ ಸಮೀಕರಣದ ಪಾಠ ನಡೆಯುತ್ತಿತ್ತು. ಅಮೆರಿಕದ ಓಹಿಯೊ ನದಿಯ ಅಧ್ಯಯನದಿಂದ 1925ರಲ್ಲಿ ಹೊರಬಂದ ಆ ಸಮೀಕರಣದಲ್ಲಿ ಎರಡೇ ಕ್ರಿಯೆಗಳಿವೆ: ಕೊಳೆಯುವ ವಸ್ತು ಆಮ್ಲಜನಕವನ್ನು ತೆಗೆಯುತ್ತದೆ, ಗಾಳಿ ಅದನ್ನು ತುಂಬಿಕೊಡುತ್ತದೆ. ಅದರ ಮೂಲರೂಪದಲ್ಲಿ ಪಾಚಿಗೆ ಜಾಗವಿಲ್ಲ. ಹರಿಯುವ ನದಿಗೆ ಅದು ಒಂದು ಮಟ್ಟಿಗೆ ಸಾಕಾದರೂ ಹಸಿರುಗಟ್ಟಿ ನಿಂತ ಕೆರೆಗೆ ಏಕೆ ಸಾಲದು ಎಂಬುದು ನನಗೆ ಸ್ಪಷ್ಟವಾದದ್ದು ಎರಡೂ ಪುಸ್ತಕಗಳು ಮುಂದಿದ್ದುದರಿಂದಲೇ.

ಬಿಒಡಿಯ, ಅಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವಿಗಾಗಿ ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕದ ಅಳತೆಯ, ಕಥೆಯೂ ಹೀಗೆಯೇ. ನಾವು ಓದುವ ವಿದೇಶಿ ಪಠ್ಯಗಳಲ್ಲಿ ಅದು 20 ಡಿಗ್ರಿಯಲ್ಲಿ ಐದು ದಿನದ ಪರೀಕ್ಷೆ. ಭಾರತೀಯ ಮಾನಕದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ. ಉಷ್ಣತೆ ಒಂದು ಡಿಗ್ರಿ ಏರಿದಂತೆ ಕೊಳೆಯುವ ವೇಗವನ್ನು 1.047ರಿಂದ ಗುಣಿಸಬೇಕೆಂದು ಎಂಜಿನಿಯರಿಂಗ್ ಪುಸ್ತಕ ಹೇಳುತ್ತದೆ. ಏಳು ಡಿಗ್ರಿಗೆ ಲೆಕ್ಕ ಹಾಕಿದರೆ ವೇಗ ಸುಮಾರು 1.38 ಪಟ್ಟಾಗುತ್ತದೆ, ಆದ್ದರಿಂದ ನಮ್ಮ ಮೂರು ದಿನದ ಫಲಿತಾಂಶ ಅವರ ಐದು ದಿನದ ಹತ್ತಿರ ಬರುತ್ತದೆಯೇ ಹೊರತು ಪೂರ್ತಿ ಒಂದೇ ಆಗುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಪಡೆಯಲು ಇಷ್ಟು ಸಾಕು. ಆದರೆ ಆ 1.047ರ ಹಿಂದೆ ಬ್ಯಾಕ್ಟೀರಿಯಾದ ಕಿಣ್ವಗಳಿವೆ ಎಂಬುದನ್ನೂ, ಬಿಸಿ ಮಿತಿಮೀರಿದರೆ ಆ ಕಿಣ್ವಗಳು ಕೆಟ್ಟು ವೇಗ ಏರುವ ಬದಲು ಕುಸಿಯುತ್ತದೆ ಎಂಬುದನ್ನೂ ಬಿ.ಎಸ್ಸಿ.ಯ ಓದು ತಿಳಿಸಿತು. ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಸೂತ್ರವೇ ಹೇಳುವುದಿಲ್ಲ.

ಮೈಸೂರಿನ ಒಳಚರಂಡಿ ನೀರನ್ನು ವಿದ್ಯಾರಣ್ಯಪುರಂ, ರಾಯನಕೆರೆ ಮತ್ತು ಕೆಸರೆಯ ಘಟಕಗಳಲ್ಲಿ ಶುದ್ಧೀಕರಿಸಲಾಗುತ್ತದೆ. ಕಾಲೇಜಿನಿಂದ ಇಂಥ ಘಟಕಕ್ಕೆ ಕರೆದೊಯ್ದಾಗ ಸಹಪಾಠಿಗಳು ಪಂಪಿನ ಸಾಮರ್ಥ್ಯ, ಕೊಳದ ಆಳ, ನೀರು ನಿಲ್ಲುವ ಅವಧಿಯನ್ನು ಬರೆದುಕೊಳ್ಳುತ್ತಿದ್ದರು. ನಾನು ಅವುಗಳ ಜೊತೆಗೆ ಅಮೋನಿಯಾದ ಬಗ್ಗೆಯೂ ವಿಚಾರಿಸಿದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟಾಗಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು, ಅದನ್ನು ಮಾಡುವ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತವೆ. ಬ್ಯಾಕ್ಟೀರಿಯಾ ತುಂಬಿದ ಕೆಸರಿಗೆ ಗಾಳಿಯೂದಿ ಕೊಳಚೆಯನ್ನು ಶುದ್ಧೀಕರಿಸುವ ಸಕ್ರಿಯ ಕೆಸರಿನ ವ್ಯವಸ್ಥೆಯಲ್ಲಿ ಆ ಕೆಸರನ್ನು ಬೇಗಬೇಗನೆ ಹೊರತೆಗೆದರೆ ಅವು ಮರಿಯಾಗುವ ಮೊದಲೇ ಕೊಚ್ಚಿಹೋಗುತ್ತವೆ. ಎಂಜಿನಿಯರ್ ಕೆಸರಿನ ವಯಸ್ಸು ಇಷ್ಟು ದಿನ ಇರಲಿ ಎಂದು ನಿಗದಿ ಮಾಡುವಾಗ ವಾಸ್ತವದಲ್ಲಿ ಒಂದು ಜೀವಿಯ ಸಂತಾನದ ವೇಗಕ್ಕೆ ತಲೆಬಾಗುತ್ತಿರುತ್ತಾನೆ.

ಎಲ್ಲವೂ ಹೀಗೆ ಕೂಡಿಬಂತೆಂದು ಹೇಳಲಾರೆ. ಪ್ರಾಣಿಶಾಸ್ತ್ರದ ವರ್ಗೀಕರಣದ ಬಹುಭಾಗ, ಅತ್ತ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಇವೆರಡಕ್ಕೂ ಯಾವ ಕೆರೆಯ ಏರಿಯ ಮೇಲೂ ಭೇಟಿ ಆಗದು. ಅವುಗಳನ್ನು ಕಂಠಪಾಠ ಮಾಡಿ ಪಾಸಾಗಬೇಕು, ಅಷ್ಟೆ. ಭೂವಿಜ್ಞಾನ ಸಿಗುವ ಕಡೆ ಪ್ರಾಣಿಶಾಸ್ತ್ರದ ಬದಲು ಅದನ್ನು ಆರಿಸಿಕೊಳ್ಳಿ ಎಂದು ಕಿರಿಯರಿಗೆ ಹೇಳುತ್ತೇನೆ, ಏಕೆಂದರೆ ಅಂತರ್ಜಲದ ಪಾಠಕ್ಕೆ ಅದು ನೇರವಾಗಿ ಒದಗುತ್ತದೆ. ಆದರೂ ಕೆರೆಯ ಕೆಸರನ್ನು ಜರಡಿ ಹಿಡಿದಾಗ ಸಿಕ್ಕ ಕೆಂಪು ಹುಳು ಒಂದು ಬಗೆಯ ನೊಣದ ಮರಿಯೆಂದೂ, ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಬದುಕಲು ಅದರ ಮೈಯಲ್ಲಿ ಹಿಮೊಗ್ಲೋಬಿನ್ ಇರುತ್ತದೆಂದೂ ತಿಳಿದದ್ದು ಪ್ರಾಣಿಶಾಸ್ತ್ರದಿಂದಲೇ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ನಮ್ಮ ತಂಡ ಊರಿನ ಚರಂಡಿ ನೀರು ಕೆರೆ ಸೇರುವ ಮೊದಲು ಅದನ್ನು ಜಲ್ಲಿ ಮತ್ತು ಜೊಂಡಿನ ಹಾಸಿನ ಮೂಲಕ ಹಾಯಿಸುವ ವಿನ್ಯಾಸವನ್ನು ಆರಿಸಿಕೊಂಡಿತು. ಜಲಜೀವನ್ ಮಿಷನ್ನಿನ ತಲಾ 55 ಲೀಟರ್ ಲೆಕ್ಕದಲ್ಲಿ, ಅದರ ಶೇಕಡ 80 ಭಾಗ ಚರಂಡಿಗೆ ಬರುತ್ತದೆಂದು ಹಿಡಿದರೆ, ಸಾವಿರ ಜನರಿಗೆ ದಿನಕ್ಕೆ 44,000 ಲೀಟರ್ ಕೊಳಚೆ. ಐದು ದಿನ ನಿಲ್ಲಬೇಕೆಂದರೆ 220 ಘನ ಮೀಟರ್ ನೀರಿಗೆ ಜಾಗ ಬೇಕು. ಹಾಸಿನ ಆಳ 0.6 ಮೀಟರ್, ಜಲ್ಲಿಯ ಸಂದುಗಳ ಪಾಲು ಶೇಕಡ 40 ಎಂದಾದರೆ ಸುಮಾರು 917 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂಬತ್ತು ಗುಂಟೆ. ಪಂಚಾಯಿತಿಯವರೊಂದಿಗೆ ಮಾತಾಡುವಾಗ ಗುಂಟೆಯಲ್ಲಿ ಹೇಳಿದ ಮೇಲೆಯೇ ಚರ್ಚೆ ಮುಂದುವರಿಯಿತು. ಇದು ಎಂಜಿನಿಯರಿಂಗ್ ಭಾಗ. ಜೊಂಡು ಹೀರಿಕೊಂಡ ಸಾರಜನಕ ಮತ್ತು ರಂಜಕ ಅದರ ಎಲೆಕಾಂಡಗಳಲ್ಲೇ ಇರುವುದರಿಂದ ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಕೊಳೆತು ಎಲ್ಲವನ್ನೂ ನೀರಿಗೇ ಹಿಂತಿರುಗಿಸುತ್ತದೆ. ವರದಿಯಲ್ಲಿ ಕೊಯ್ಲಿನ ವೇಳಾಪಟ್ಟಿಯನ್ನೂ ಕೊಯ್ದ ಜೊಂಡನ್ನು ಎಲ್ಲಿ ಗೊಬ್ಬರ ಮಾಡಬೇಕೆಂಬುದನ್ನೂ ಸೇರಿಸಿದ್ದು ಸಸ್ಯಶಾಸ್ತ್ರದ ಪ್ರಭಾವ. ವೈವಾದಲ್ಲಿ ಹೆಚ್ಚು ಪ್ರಶ್ನೆಗಳು ಬಂದದ್ದೂ ಆ ಭಾಗದ ಮೇಲೆಯೇ.

ಇನ್ನು ವ್ಯವಹಾರದ ಮಾತು. ನಿಜವಾದ ತೊಡಕು ಪಾಠದ್ದಲ್ಲ, ದಾಖಲೆ ಮತ್ತು ದಿನಾಂಕಗಳದ್ದು. ಮೂಲ ಅಂಕಪಟ್ಟಿ ಮತ್ತು ಟಿ.ಸಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇರುತ್ತವೆ. ಎರಡನೆಯ ಸಂಸ್ಥೆ ಅವುಗಳನ್ನೇ ಕೇಳಿದಾಗ ವ್ಯಾಸಂಗ ಪ್ರಮಾಣಪತ್ರ, ದೃಢೀಕೃತ ಪ್ರತಿಗಳು ಮತ್ತು ಯುಜಿಸಿ ಮಾರ್ಗಸೂಚಿಯ ಮುದ್ರಿತ ಪ್ರತಿಯನ್ನು ಒಟ್ಟಿಗೆ ಇಟ್ಟು ಕೊಡಬೇಕು. ಒಂದು ಕಚೇರಿಯಲ್ಲಿ ಎರಡು ಪದವಿ ಓದುವಂತೆಯೇ ಇಲ್ಲ ಎಂದು ನನ್ನನ್ನು ವಾಪಸು ಕಳುಹಿಸಿದ್ದರು. ಆ ಮುದ್ರಿತ ಪ್ರತಿಯನ್ನು ತೋರಿಸಿದ ಮೇಲೆ ಅರ್ಜಿ ಸ್ವೀಕರಿಸಿದರು. ದೂರಶಿಕ್ಷಣದ ಲ್ಯಾಬ್ ತರಗತಿಗಳು ಕೆಲವು ದಿನಗಳ ಕಾಲ ಬಿಡುವಿಲ್ಲದೆ ನಡೆಯುತ್ತವೆ, ಅವು ಇಂಟರ್ನಲ್ಸ್ ದಿನಗಳಲ್ಲಿ ಬಿದ್ದರೆ ಒಂದನ್ನು ಬಿಡಲೇಬೇಕಾಗುತ್ತದೆ. ಹಾಗೆ ಬಿಡಬೇಕಾದಾಗ ನಾನು ಬಿ.ಎಸ್ಸಿ.ಯ ಪತ್ರಿಕೆಯನ್ನೇ ಮುಂದೂಡುತ್ತಿದ್ದೆ, ಏಕೆಂದರೆ ಅದನ್ನು ಮುಗಿಸಲು ಕೊಡುವ ಒಟ್ಟು ಅವಧಿ ಉದಾರವಾಗಿದೆ. ಜೋಡಿ ಓದಿಗೆ ಹೊರಡುವವರು ಎರಡನೆಯ ಪದವಿಯನ್ನು ಆರಿಸುವಾಗ ಶುಲ್ಕಕ್ಕಿಂತ ಮೊದಲು ನೋಡಬೇಕಾದದ್ದು ಈ ಗರಿಷ್ಠ ಅವಧಿಯನ್ನು, ಅದರ ಜೊತೆಗೆ ಆ ಕೋರ್ಸಿಗೆ ಯುಜಿಸಿಯ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂಬುದನ್ನು.

ಉದ್ಯೋಗದ ದೃಷ್ಟಿಯಿಂದ ಈ ಎರಡು ಪದವಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿಗಳ ಸಾಲು ಎಂಜಿನಿಯರುಗಳದು, ವೈಜ್ಞಾನಿಕ ಅಧಿಕಾರಿಗಳ ಸಾಲು ವಿಜ್ಞಾನ ಓದಿದವರದು, ಎರಡನೆಯದಕ್ಕೆ ಬಿ.ಎಸ್ಸಿ. ಸಾಲದೆ ಸ್ನಾತಕೋತ್ತರ ಪದವಿಯೇ ಬೇಕಾಗುತ್ತದೆ. ಎರಡೂ ಓದು ಒಂದೇ ಪ್ರಶ್ನೆಪತ್ರಿಕೆಯಲ್ಲಿ ಎದುರಾಗುವುದು ಎಂ.ಟೆಕ್. ಮುಂತಾದ ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ. ಅಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆ ಇದ್ದು, ಅದರ ಪಠ್ಯಕ್ರಮದಲ್ಲಿ ಸೂಕ್ಷ್ಮಜೀವಿಶಾಸ್ತ್ರ, ಪರಿಸರ ರಸಾಯನ, ಜಲವಿಜ್ಞಾನ, ನೀರು ಮತ್ತು ಕೊಳಚೆಯ ಶುದ್ಧೀಕರಣ ಎಲ್ಲವೂ ಅಕ್ಕಪಕ್ಕದಲ್ಲಿವೆ. ನಾನೀಗ ಆ ಪರೀಕ್ಷೆಗೆ ಕುಳಿತು ಓದುತ್ತಿದ್ದೇನೆ, ಹೊಸದಾಗಿ ಕೊಳ್ಳಬೇಕಾದ ಪುಸ್ತಕಗಳು ಬಹಳ ಇಲ್ಲ.